ಡಿಸ್ಚಾರ್ಜ್ ಚೀಟಿ ಯಾವ ಭಾಷೇಲಿದೆ?



ಬಸ್ಸಿನ ಬೋರ್ಡಿನಲ್ಲಿ ಕನ್ನಡ ಬೇಕು ಅಂತ ಕೇಳ್ತೀವಿ. ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕು ಅಂತ ಧರಣಿ ಕೂರ್ತೀವಿ. ಪಿಎಸ್‌ಸಿ ಪ್ರಶ್ನೆಪತ್ರಿಕೆ, ರೇಷನ್ ಕಾರ್ಡ್, ಪಹಣಿ ಎಲ್ಲದಕ್ಕೂ ದನಿ ಎತ್ತಿದ್ದೀವಿ. ಅದೆಲ್ಲ ಸರಿ, ಅದರಲ್ಲಿ ಒಂದನ್ನೂ ಬಿಡಬಾರದು.

ಈಗ ಮನೆಯ ಕಪಾಟು ತೆಗೆದು ಅಪ್ಪನ, ಅಜ್ಜಿಯ ಆಸ್ಪತ್ರೆ ಫೈಲ್ ಹೊರಗೆ ತೆಗೀರಿ. ಡಿಸ್ಚಾರ್ಜ್ ಸಮ್ಮರಿಯ ಕೊನೆ ಪುಟ ನೋಡಿ. ಮನೆಗೆ ಹೋದ ಮೇಲೆ ಏನು ಮಾಡ್ಬೇಕು, ಏನು ತಿನ್ಬಾರದು, ಯಾವಾಗ ಓಡಿ ಬರಬೇಕು ಅಂತ ಬರೆದಿರುವ ಜಾಗ ಅದು. ಬಹುಪಾಲು ಇಂಗ್ಲಿಷ್. ಪಕ್ಕದಲ್ಲಿ ಎಲ್ಲೋ ಒಂದೆರಡು ಸಾಲು ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಆ ಕಾಗದ ಯಾರ ಜೀವಕ್ಕೆ ಬರೆದದ್ದೋ ಅವರಿಗೆ ಅದರಲ್ಲಿ ಒಂದು ಸಾಲೂ ಓದಕ್ಕೆ ಬರಲ್ಲ.

ಎಲ್ಲ ಕಾಯಿಲೆಗೂ ಈ ಮಾತು ಅನ್ವಯಿಸುತ್ತೆ. ಆದ್ರೆ ಹಾರ್ಟ್ ಫೈಲ್ಯೂರ್‌ನಷ್ಟು ಇನ್ನಾವುದಕ್ಕೂ ಅಲ್ಲ. ಯಾಕೆ ಅಂತ ಹೇಳ್ತೀನಿ, ಕೊನೆವರೆಗೂ ಓದಿ.

ಮೊದಲು ಹೆಸರಿನ ಗೊಂದಲ

ನಮ್ಮ ಮಾತಿನಲ್ಲಿ "ಹಾರ್ಟ್ ಫೇಲ್ ಆಯ್ತು" ಅಂದ್ರೆ ಆ ಮನುಷ್ಯ ಹೋದ ಅಂತ. ವೈದ್ಯರ ಬಾಯಲ್ಲಿ ಅದರ ಅರ್ಥ ಬೇರೆ. ಹೃದಯ ನಿಂತಿಲ್ಲ, ಅದರ ಪಂಪ್ ಮಾಡುವ ಶಕ್ತಿ ಸಾಲ್ತಾ ಇಲ್ಲ. ಹಿಂದೆ ಆದ ಹಾರ್ಟ್ ಅಟ್ಯಾಕ್, ವರ್ಷಗಟ್ಟಲೆ ಕೇಳದೆ ಬಿಟ್ಟ ಬಿಪಿ, ವಾಲ್ವಿನ ತೊಂದರೆ, ಹೃದಯದ ಸ್ನಾಯುವಿನ ಕಾಯಿಲೆ ಹೀಗೆ ಕಾರಣ ಹಲವು. ಪಂಪ್ ಸೊರಗಿದಾಗ ಕಿಡ್ನಿ ಉಪ್ಪು, ನೀರನ್ನ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತೆ. ಆ ನೀರು ಕಾಲಿಗೆ ಇಳಿಯುತ್ತೆ, ಹೊಟ್ಟೆಗೆ ಸೇರುತ್ತೆ, ಶ್ವಾಸಕೋಶಕ್ಕೆ ಹತ್ತುತ್ತೆ. ಮಲಗಿದ್ರೆ ಉಸಿರು ಕಟ್ಟುತ್ತೆ, ರಾತ್ರಿ ಎದ್ದು ಕೂರಬೇಕಾಗುತ್ತೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ನೀರು ಇಳಿಸ್ತಾರೆ. ನಾಲ್ಕೈದು ದಿನದಲ್ಲಿ ಉಸಿರು ಸಲೀಸು. ಮನೆಯವರು "ಗುಣ ಆಯ್ತು" ಅಂದ್ಕೋತಾರೆ. ಮೋಸ ಹೋಗೋದು ಇಲ್ಲೇ. ನೀರು ಇಳಿದಿದೆ, ಪಂಪ್ ಹಾಗೇ ಇದೆ. ಚಿಕಿತ್ಸೆಯ ದೊಡ್ಡ ಪಾಲು ಶುರುವಾಗೋದು ಮನೆಗೆ ಬಂದ ಮೇಲೆ. ಆವಾಗ ಡಾಕ್ಟ್ರು ಹತ್ತಿರ ಇರಲ್ಲ, ನರ್ಸ್ ಇರಲ್ಲ, ಮಾನಿಟರ್ ಇರಲ್ಲ. ಇರೋದು ಆ ಕಾಗದ ಒಂದೇ.

ಅಂಕಿ ಏನು ಹೇಳುತ್ತೆ

ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1205 ಹಾರ್ಟ್ ಫೈಲ್ಯೂರ್ ರೋಗಿಗಳನ್ನ ಶ್ರೀ ಚಿತ್ರಾ ಸಂಸ್ಥೆಯ ವೈದ್ಯರ ತಂಡ ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಒಂದು ವರ್ಷದೊಳಗೆ ಸುಮಾರು 30% ಜನ ತೀರಿಕೊಂಡಿದ್ರು. ಐದು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು. ಆರೋಗ್ಯ ವ್ಯವಸ್ಥೆಯಲ್ಲಿ ದೇಶಕ್ಕೇ ಮುಂದು ಅನ್ನಿಸಿಕೊಂಡ ಕೇರಳದ ಲೆಕ್ಕ ಇದು. ಆಮೇಲೆ ದೇಶದ 53 ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ರಾಷ್ಟ್ರೀಯ ರಿಜಿಸ್ಟ್ರಿ ಬಂತು. ಅದರಲ್ಲಿ 90 ದಿನದೊಳಗೆ ಸತ್ತವರು ಸುಮಾರು 14%, ಅಂದ್ರೆ ಏಳರಲ್ಲಿ ಒಬ್ಬರು.

ಇನ್ನೊಂದು ಲೆಕ್ಕ ನೋಡಿ. ಅಮೆರಿಕದ ಮಿಶಿಗನ್‌ನಲ್ಲಿ 223 ರೋಗಿಗಳ ಮೇಲೆ ಮಾಡಿದ ಒಂದು ಪ್ರಯೋಗ 2005ರಲ್ಲಿ ಪ್ರಕಟ ಆಯ್ತು. ಅರ್ಧ ಜನಕ್ಕೆ ಮಾಮೂಲಿ ಡಿಸ್ಚಾರ್ಜ್. ಇನ್ನರ್ಧಕ್ಕೆ ಅದರ ಜೊತೆಗೆ ಒಬ್ಬ ತರಬೇತಿ ಪಡೆದ ನರ್ಸ್ ಪಕ್ಕದಲ್ಲಿ ಕೂತು ಒಂದು ಗಂಟೆ ವಿವರಿಸಿದ್ರು: ಉಪ್ಪು ಯಾಕೆ, ತೂಕ ಯಾಕೆ, ಮಾತ್ರೆ ಯಾಕೆ. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಬರೀ ಒಂದು ಗಂಟೆಯ ಮಾತು. ಆ ಗುಂಪಿನಲ್ಲಿ ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ 35% ಕಡಿಮೆ ಆಯ್ತು.

ಒಂದು ಗಂಟೆಯ ಮಾತು ಇಷ್ಟು ಕೆಲಸ ಮಾಡುತ್ತೆ ಅಂದ್ರೆ ಅದು ಅರ್ಥ ಆಗುವ ಭಾಷೆಯಲ್ಲಿ ಇರಬೇಕಲ್ವಾ? ಅರ್ಥ ಆಗದ ಭಾಷೆಯ ಸಲಹೆ ಕೊಟ್ಟೂ ಕೊಡದ ಹಾಗೆ. ಔಷಧಿ ಬರೆದು ಮಾತ್ರೆ ಕೊಡದೆ ಕಳಿಸಿದ್ರೆ ನಾವು ಸುಮ್ಮನಿರ್ತೀವಾ? ಇದೂ ಅದೇ.

"ನಿಮ್ಮೋರಿಗೆ ನಮ್ಮ ಭಾಷೆ ಬರುತ್ತಲ್ಲ?"

ಈ ಮಾತು ಎಲ್ಲ ಕಡೆ ಕೇಳ್ತೀವಿ. ಹೌದು, ಬರುತ್ತೆ. ಸಂತೆಯಲ್ಲಿ ಚೌಕಾಸಿ ಮಾಡೋಷ್ಟು, ಬಸ್ಸಿನಲ್ಲಿ ಟಿಕೆಟ್ ಕೇಳೋಷ್ಟು ಬರುತ್ತೆ. ಗಂಡಸರಿಗೆ ಸ್ವಲ್ಪ ಹೆಚ್ಚು, ಮನೆಯಲ್ಲೇ ಇರುವ ಹೆಂಗಸರಿಗೆ, ವಯಸ್ಸಾದವರಿಗೆ ಇನ್ನೂ ಕಡಿಮೆ. ರೋಗದ ಭಾಷೆ ಬೇರೆ.

ಸೊಲ್ಲಾಪುರದಲ್ಲಿ ಡಾಕ್ಟ್ರು "ಮೀಠ ಕಮಿ ಖಾ" ಅಂತಾರೆ. ಮರಾಠಿಯಲ್ಲಿ ಮೀಠ ಅಂದ್ರೆ ಉಪ್ಪು. ಅಕ್ಕಲಕೋಟೆ ಕಡೆ ಹಳ್ಳಿಯ ಅವ್ವನ ಕಿವಿಗೆ ಅದು ಮಿಠಾಯಿ, ಸಿಹಿ. ಆಕೆ ಮನೆಗೆ ಬಂದು ಚಹಾಕ್ಕೆ ಸಕ್ಕರೆ ಬಿಟ್ಟು, ರೊಟ್ಟಿ ಜೊತೆ ಉಪ್ಪಿನಕಾಯಿ ಹಾಗೇ ಮುಂದುವರಿಸಿದ್ರೆ ತಪ್ಪು ಯಾರದ್ದು?

ಅದೇ ಮರಾಠಿಯಲ್ಲಿ "ಪಾಯಾಲಾ ಸೂಜ" ಅಂದ್ರೆ ಕಾಲಿಗೆ ಬಾವು. ನಮ್ಮವರಿಗೆ ಸೂಜಿ ಕೇಳಿಸುತ್ತೆ.

ಮಡಕಶಿರಾ, ರಾಯದುರ್ಗದಲ್ಲಿ "ಆಯಾಸಂ ವಸ್ತೇ ರಂಡಿ" ಅಂತಾರೆ. ತೆಲುಗಿನ ಆಡುಮಾತಿನಲ್ಲಿ ಆಯಾಸಂ ಅಂದ್ರೆ ಏದುಸಿರು, ದಮ್ಮು. ಕನ್ನಡದಲ್ಲಿ ಆಯಾಸ ಅಂದ್ರೆ ದಣಿವು. ದಣಿವು ಯಾವ ಮುದುಕರಿಗೆ ಇರಲ್ಲ? ಅದಕ್ಕೆ ಯಾರು ಆಸ್ಪತ್ರೆಗೆ ಓಡ್ತಾರೆ?

ತಾಳವಾಡಿಯಲ್ಲಿ, ಹೊಸೂರಲ್ಲಿ ತಮಿಳಿನ "ಮೂಚ್ಚು" ಉಸಿರು. ನಮಗೆ ಮುಚ್ಚು ಅಂದ್ರೆ ಬಾಗಿಲು ಮುಚ್ಚೋದು. ಮಲಯಾಳದ "ಕಾಲಿಲ್ ನೀರ್" ಅಂದ್ರೆ ಕಾಲು ಬಾವು. ನಮ್ಮ ಕಾಸರಗೋಡಿನ ಅಜ್ಜಿಗೆ ಕಾಲಿಗೆ ನೀರು ತಾಗಿಸಬಾರದೋ, ನೀರು ಹಾಕಬೇಕೋ ಅಂತ ಅನುಮಾನ. "ಕಿದಪ್ಪ್" ಅಂದ್ರೆ ಏದುಸಿರು ಅಂತ ಎಷ್ಟು ಅಜ್ಜಿಯರಿಗೆ ಗೊತ್ತುಂಟು?

ಹತ್ತಿರದ ಭಾಷೆಗಳ ಅಪಾಯ ಇದೇ. ಪೂರ್ತಿ ಗೊತ್ತಿಲ್ಲದ ಭಾಷೆ ಆದ್ರೆ ಜನ "ಗೊತ್ತಾಗಲಿಲ್ಲ" ಅಂತ ಇನ್ನೊಮ್ಮೆ ಕೇಳ್ತಾರೆ. ಅರ್ಧ ಗೊತ್ತಿರುವ ಭಾಷೆಯಲ್ಲಿ ತಲೆ ಆಡಿಸಿ ಬರ್ತಾರೆ. ತಲೆ ಆಡಿಸಿದ್ದನ್ನ ಆಸ್ಪತ್ರೆ "ರೋಗಿಗೆ ವಿವರಿಸಲಾಗಿದೆ" ಅಂತ ಬರ್ಕೊಳ್ಳುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಕೋಟ್ಟಯಂನಿಂದ ವರ್ಗಾವಣೆಯಾಗಿ ಬಂದ ನರ್ಸ್ ನಮ್ಮ ಶತ್ರು ಅಲ್ಲ. ರಾತ್ರಿ ಪಾಳಿಯಲ್ಲಿ ನಲವತ್ತು ರೋಗಿಗಳನ್ನ ನೋಡುವ ಹುಡುಗಿ ಹತ್ತಿರ ಹೋಗಿ ಜಗಳ ಕಾಯೋದು ಹೋರಾಟ ಅಲ್ಲ. ಅವಳ ಕೈಗೆ ಕೊಡಲು ಒಂದು ಕನ್ನಡ ಹಾಳೆ ಮುದ್ರಿಸದ ಇಲಾಖೆಯನ್ನ ಕೇಳಬೇಕು.

"ಮಂಗಳೂರಲ್ಲೂ ಇಂಗ್ಲಿಷೇ ಅಲ್ವಾ?"

ಇದೂ ನಿಜ. ಕಾಸರಗೋಡು, ಮಂಜೇಶ್ವರದವರು ದೊಡ್ಡ ಕಾಯಿಲೆಗೆ ಹೋಗೋದು ಮಂಗಳೂರಿಗೆ. ಹೊಸೂರಿನವರು ಬೆಂಗಳೂರಿಗೆ, ತಾಳವಾಡಿಯವರು ಚಾಮರಾಜನಗರ, ಮೈಸೂರಿಗೆ, ರಾಯದುರ್ಗದವರು ಬಳ್ಳಾರಿಗೆ, ಕೃಷ್ಣಾ ಕಡೆಯವರು ರಾಯಚೂರಿಗೆ. ಅಲ್ಲೂ ಕೈಗೆ ಬರೋದು ಇಂಗ್ಲಿಷ್ ಕಾಗದ. ಕನ್ನಡ ನೆಲದಲ್ಲಿ, ಕನ್ನಡ ಮಾತಾಡುವ ಡಾಕ್ಟ್ರು, ಕನ್ನಡ ಮಾತಾಡುವ ರೋಗಿಗೆ ಇಂಗ್ಲಿಷಲ್ಲಿ ಬರೆದು ಕೊಡ್ತಾರೆ. ಅಲ್ಲಿಯ ಆಸ್ಪತ್ರೆಗಳಿಗೆ ಭಾಷೆ ಬರಲ್ಲ ಅನ್ನುವ ನೆಪ ಕೂಡ ಇಲ್ಲ.

ನಾವು ಇಂಗ್ಲಿಷ್ ಬೇಡ ಅಂತಿಲ್ಲ. ಮಂಗಳೂರಿನ ಡಾಕ್ಟ್ರು ಬರೆದದ್ದನ್ನ ನಾಳೆ ಕುಂಬಳೆಯ ಡಾಕ್ಟ್ರು ಓದಬೇಕು, ಮಿರಜ್‌ನಲ್ಲಿ ಬರೆದದ್ದನ್ನ ವಿಜಯಪುರದಲ್ಲಿ ಓದಬೇಕು. ಡಾಕ್ಟರಿಂದ ಡಾಕ್ಟರಿಗೆ ಹೋಗುವ ಕಾಗದ ಇಂಗ್ಲಿಷಲ್ಲೇ ಇರಲಿ. ಆದ್ರೆ ರೋಗಿಗೆ ಅಂತ ಇನ್ನೊಂದು ಹಾಳೆ ಬೇಕು, ಅದು ರೋಗಿಯ ಭಾಷೇಲಿ ಇರಬೇಕು. ನಮ್ಮ ಬೇಡಿಕೆ ಇಷ್ಟೇ. ಎರಡು ಕಾಗದ.

ಕರ್ನಾಟಕ ಸರ್ಕಾರಕ್ಕೂ ಕೇಳೋದಿದೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ಹೋಗಲಾಗದೆ ಒದ್ದಾಡಿದ್ದು ಕಾಸರಗೋಡಿನ ರೋಗಿಗಳು. ವಿಷಯ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಮಹಾಜನ್ ವರದಿ ಅಂತ 1967ರಿಂದ ನಮ್ಮ ಹೆಸರು ಹೇಳುವ ರಾಜ್ಯ, ಆಂಬ್ಯುಲೆನ್ಸ್ ಬಂದಾಗ ನಮ್ಮನ್ನ ಹೊರಗಿನವರು ಅಂತ ನೋಡಿತು. ಇನ್ನೊಂದು ಕಡೆ 2023ರಲ್ಲಿ ಮಹಾರಾಷ್ಟ್ರ, ಕರ್ನಾಟಕದೊಳಗಿನ 865 ಹಳ್ಳಿಗಳ ಜನಕ್ಕೆ ತನ್ನ ಆರೋಗ್ಯ ಯೋಜನೆ ವಿಸ್ತರಿಸ್ತೀನಿ ಅಂತ ಆದೇಶ ಹೊರಡಿಸಿತು. ಕರ್ನಾಟಕ ಸಿಟ್ಟಾಯ್ತು, ಖಂಡಿಸಿತು. ಆ ಆದೇಶದ ರಾಜಕೀಯ ಏನೇ ಇರಲಿ, ಜತ್ತದ, ಅಕ್ಕಲಕೋಟೆಯ ಕನ್ನಡದ ರೋಗಿಗೆ ಕರ್ನಾಟಕ ಏನು ಕೊಟ್ಟಿತು ಅಂತ ಯಾರೂ ಕೇಳಲಿಲ್ಲ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ. ಭವನಕ್ಕೆ, ಉತ್ಸವಕ್ಕೆ ಅನುದಾನ ಬರಲಿ. ಅದರ ಜೊತೆ ಒಂದು ಪುಟದ ರೋಗಿ ಕೈಪಿಡಿ ಅಚ್ಚು ಹಾಕಿಸಿ ಹಂಚಕ್ಕೆ ಎಷ್ಟು ಕೋಟಿ ಬೇಕು?

ಕಾನೂನು ಏನು ಹೇಳುತ್ತೆ

ಇದು ಭಿಕ್ಷೆ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದನ್ನ ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿತು. ರೋಗದ ಬಗ್ಗೆ, ಚಿಕಿತ್ಸೆಯ ಬಗ್ಗೆ ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಪಡೆಯುವುದು ಅದರಲ್ಲಿ ಒಂದು ಹಕ್ಕು.

ಭಾಷಾ ಅಲ್ಪಸಂಖ್ಯಾತರು 15%ಗಿಂತ ಹೆಚ್ಚಿರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು ಅನ್ನುವುದು 1956ರಿಂದ ಬಂದ ರಕ್ಷಣಾ ಸೂತ್ರ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡಿ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಅಂತ ಒಬ್ಬರು ಇರೋದೇ ನಮ್ಮಂಥವರ ದೂರು ಕೇಳಕ್ಕೆ. ಭೂಮಿ ನೋಟಿಸ್ ಕನ್ನಡದಲ್ಲಿ ಬರಬೇಕು ಅಂತ ಕೇಳುವ ಹಕ್ಕು ಇರುವಾಗ, ಹೃದಯದ ನೋಟಿಸ್ ಕೇಳಕ್ಕೆ ಹಿಂಜರಿಕೆ ಯಾಕೆ?

ವ್ಯವಸ್ಥೆ ಇಲ್ಲ ಅಂತಾನೂ ಹೇಳೋ ಹಾಗಿಲ್ಲ. ಮನೆ ಬಾಗಿಲಿಗೇ ಬಿಪಿ, ಶುಗರ್ ಮಾತ್ರೆ ತಂದುಕೊಡುವ ತಮಿಳುನಾಡಿನ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆ 2021ರ ಆಗಸ್ಟ್‌ನಲ್ಲಿ ಶುರುವಾಗಿದ್ದೇ ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಿಂದ. ಕೇರಳದಲ್ಲಿ ಪಂಚಾಯ್ತಿ ಮಟ್ಟದ ಪಾಲಿಯೇಟಿವ್ ನರ್ಸ್‌ಗಳು ಮನೆಮನೆಗೆ ಹೋಗ್ತಾರೆ. ಬಹಳ ಕಡೆ ಆಶಾ ಕಾರ್ಯಕರ್ತೆಯರಿದ್ದಾರೆ, ಅವರಲ್ಲಿ ನಮ್ಮ ಊರಿನ, ನಮ್ಮ ಭಾಷೆಯ ಹೆಣ್ಮಕ್ಕಳೇ ಎಷ್ಟೋ ಜನ. ದಾರಿ ಇದೆ, ಆ ದಾರಿಯಲ್ಲಿ ಕನ್ನಡ ಹೋಗ್ತಾ ಇಲ್ಲ.

ಖಾಲಿ ಜಾಗವನ್ನ ಯಾರು ತುಂಬ್ತಿದ್ದಾರೆ?

ಆಸ್ಪತ್ರೆ ಕನ್ನಡದಲ್ಲಿ ಮಾತಾಡಲ್ಲ. ವಾಟ್ಸಾಪ್ ಮಾತಾಡುತ್ತೆ, ಅದೂ ಚೆಂದದ ಕನ್ನಡದಲ್ಲಿ. "ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿಯಿರಿ, ಮಾತ್ರೆ ಬಿಸಾಕಿ" ಅಂತ ಬರುವ ಫಾರ್ವರ್ಡ್ ಅಪ್ಪನಿಗೆ ಪೂರ್ತಿ ಅರ್ಥ ಆಗುತ್ತೆ. ಡಿಸ್ಚಾರ್ಜ್ ಚೀಟಿ ಅರ್ಥ ಆಗಲ್ಲ. ಅಪ್ಪ ಯಾವುದನ್ನ ನಂಬ್ತಾರೆ? ತಿಳಿಯುವ ಭಾಷೆಯಲ್ಲಿ ಬಂದ ಸುಳ್ಳು, ತಿಳಿಯದ ಭಾಷೆಯ ನಿಜವನ್ನ ಪ್ರತಿದಿನ ಸೋಲಿಸ್ತಾ ಇದೆ.

ಓದಿ ಹೇಳಬೇಕಾದ ನಾವೋ? ಬೆಂಗಳೂರಲ್ಲಿ, ಪುಣೆಯಲ್ಲಿ, ಗಲ್ಫ್‌ನಲ್ಲಿ ಕೆಲಸಕ್ಕಿದ್ದೀವಿ. ಮನೆಯಲ್ಲಿ ಉಳಿದಿರೋದು ವಯಸ್ಸಾದ ಇಬ್ಬರು ಮತ್ತೆ ಒಂದು ಫೈಲ್.

ಆ ಹಾಳೆಯಲ್ಲಿ ಏನಿರಬೇಕು

ಸರ್ಕಾರ ಕೊಡೋವರೆಗೆ ಇದನ್ನ ಬರ್ಕೊಂಡು ಗೋಡೆಗೆ ಅಂಟಿಸಿ. ಪ್ರತಿ ರೋಗಿಯ ಲೆಕ್ಕ ಬೇರೆ, ಹಾಗಾಗಿ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ, ಅಂಕಿ ತುಂಬಿಸ್ಕೊಳ್ಳಿ.

1. ತೂಕ: ದಿನಾ ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೀರಿ. ಮೂರು ದಿನದಲ್ಲಿ 2 ಕೆಜಿಗಿಂತ ಹೆಚ್ಚಾದ್ರೆ ಅದು ಕೊಬ್ಬಲ್ಲ, ನೀರು. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಕಾಲು ಬಾತುಕೊಳ್ಳೋ ಮೊದಲೇ ತೂಕದ ಮಿಷನ್ ಹೇಳಿಬಿಡುತ್ತೆ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

2. ಉಪ್ಪು: ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದ್ರೆ ಒಂದು ಚಿಕ್ಕ ಚಮಚ. ಮಿಡಿ ಉಪ್ಪಿನಕಾಯಿ, ಉಪ್ಪುಸೊಳೆ, ಒಣಮೀನು, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಅಂಗಡಿ ಮಿಕ್ಸ್ಚರ್, ಉಪ್ಪು ಹಾಕಿದ ಶೇಂಗಾ ಚಟ್ನಿ, ಬಜ್ಜಿ ಎಲ್ಲ ಲೆಕ್ಕಕ್ಕೆ ಬರುತ್ತೆ. ಬೇರೆ ಊರಿನ ಅಡುಗೆಗೆ ಬರೆದ ಪಟ್ಟಿಯಲ್ಲಿ ಉಪ್ಪುಸೊಳೆ ಇರಲ್ಲ, ಅದಕ್ಕೇ ನಮ್ಮ ಪಟ್ಟಿ ನಮ್ಮ ಅಡುಗೆಮನೆ ನೋಡಿ ಬರೆದಿರಬೇಕು. "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತೆ, ಕೆಲವು ಹೃದಯದ ಮಾತ್ರೆ ಜೊತೆ ಅದು ಅಪಾಯ. ಕೇಳದೆ ಬಳಸಬೇಡಿ.

3. ನೀರು: ಎಷ್ಟು ಕುಡೀಬೇಕು ಅಂತ ಡಾಕ್ಟರನ್ನೇ ಕೇಳಿ. ಮಿತಿ ಹಾಕಿದ್ರೆ ಚಹಾ, ಗಂಜಿ, ಸಾರು, ಮಜ್ಜಿಗೆನೂ ಅದರೊಳಗೇ.

4. ಮಾತ್ರೆ: ಉಸಿರು ಸಲೀಸಾಯ್ತು ಅಂತ ನಿಲ್ಲಿಸಬೇಡಿ, ಉಸಿರು ಸಲೀಸಾಗಿರೋದು ಮಾತ್ರೆಯಿಂದ. ಮೂತ್ರ ಹೋಗುವ ಮಾತ್ರೆಯನ್ನ ಬಸ್ಸಿಗೆ ಹೋಗೋ ದಿನ ಬಿಡೋರು ಬಹಳ ಮಂದಿ. ಬಿಡಬೇಡಿ, ಹೊತ್ತು ಬದಲಾಯಿಸಬಹುದಾ ಅಂತ ಕೇಳಿ.

5. ಮಂಡಿನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ಮಾತ್ರೆ ಬೇಡ. ಅವು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಕಿಡ್ನಿಗೂ ಕೆಟ್ಟದ್ದು.

6. ಕಾಲು ಬಾವು ಹೆಚ್ಚಾದ್ರೆ, ಮಲಗಕ್ಕೆ ಮೊದಲಿಗಿಂತ ಹೆಚ್ಚು ದಿಂಬು ಬೇಕಾದ್ರೆ, ರಾತ್ರಿ ಕೆಮ್ಮು ಶುರುವಾದ್ರೆ, ತಲೆ ಸುತ್ತಿದ್ರೆ ಕಾಯಬೇಡಿ, ಡಾಕ್ಟರನ್ನ ನೋಡಿ. ಕೂತಲ್ಲೇ ಏದುಸಿರು, ಎದೆನೋವು, ಪ್ರಜ್ಞೆ ತಪ್ಪಿದ್ರೆ 108.

7. ಮನೆಗೆ ಬಂದ ಒಂದೆರಡು ವಾರದೊಳಗೆ ಮೊದಲ ಫಾಲೋಅಪ್. "ಚೆನ್ನಾಗಿದ್ದೀನಿ, ಬೇಡ" ಅನ್ನೋರನ್ನೂ ಕರ್ಕೊಂಡು ಹೋಗಿ.

ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ಏಳನೇ ಕ್ಲಾಸು ಓದಿದ ಅಜ್ಜಿಗೆ ಹತ್ತು ನಿಮಿಷದಲ್ಲಿ ಅರ್ಥ ಆಗುತ್ತೆ. ಕನ್ನಡದಲ್ಲಿದ್ರೆ.

ಈಗ ಏನು ಮಾಡೋಣ

ಡಿಸ್ಚಾರ್ಜ್ ದಿನ ನೀವು ಅಲ್ಲಿದ್ರೆ ಬಿಲ್ ಕಟ್ಟಿ ಓಡಿ ಬರಬೇಡಿ. ಡಾಕ್ಟ್ರೋ ನರ್ಸೋ ಹೇಳಿದ್ದನ್ನ ರೋಗಿಯ ಬಾಯಿಂದಲೇ ತಿರುಗಿ ಹೇಳಿಸಿ. "ಏನು ತಿನ್ಬಾರದಂತೆ? ತೂಕ ಎಷ್ಟಾದ್ರೆ ಫೋನ್ ಮಾಡ್ಬೇಕಂತೆ?" ಅವರು ತಪ್ಪು ಹೇಳಿದ್ರೆ ಅಲ್ಲೇ ಸರಿ ಮಾಡಿ. ದೂರದಲ್ಲಿದ್ರೆ ಚೀಟಿಯ ಫೋಟೋ ತರಿಸ್ಕೊಂಡು ವೀಡಿಯೋ ಕಾಲ್‌ನಲ್ಲಿ ಹೇಳಿ. ಮುಂದಿನ ಹಬ್ಬಕ್ಕೆ ಸೀರೆ ಪಂಚೆ ಜೊತೆ ಒಂದು ತೂಕದ ಮಿಷನ್ ತಗೊಂಡು ಹೋಗಿ.

ಊರಲ್ಲಿರೋರು ನಿಮ್ಮ ಪಿಎಚ್‌ಸಿ, ತಾಲೂಕು ಆಸ್ಪತ್ರೆ, ಜಿಲ್ಲಾ ವೈದ್ಯಾಧಿಕಾರಿಗೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೀರಿ, 350ನೇ ವಿಧಿ ಉಲ್ಲೇಖಿಸಿ, ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ. ಒಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ, ಒಂದು ಪ್ರತಿ ಕರ್ನಾಟಕದ ಗಡಿ ಪ್ರಾಧಿಕಾರಕ್ಕೆ. ಬೇಡಿಕೆ ಮೂರೇ: ರೋಗಿಗೆ ಕನ್ನಡದ ಹಾಳೆ, ಡಿಸ್ಚಾರ್ಜ್ ದಿನ ಕನ್ನಡ ಬಲ್ಲ ಒಬ್ಬರಿಂದ ವಿವರಣೆ, ಒಂದು ವಾರದೊಳಗೆ ಆಶಾ ಕಾರ್ಯಕರ್ತೆಯ ಮನೆ ಭೇಟಿ.

ನರ್ಸಿಂಗ್, ಫಾರ್ಮಸಿ, ಎಂಬಿಬಿಎಸ್ ಓದ್ತಿರುವ ಗಡಿನಾಡ ಕನ್ನಡ ಹುಡುಗ ಹುಡುಗಿಯರೇ, ನಿಮ್ಮ ತಾಲೂಕಿನ ಊಟ, ನಿಮ್ಮ ತಾಲೂಕಿನ ಮಾತು ನೋಡಿ ಒಂದು ಪುಟ ಬರೀರಿ. ಕಾಸರಗೋಡಿನ ಪುಟ ಜತ್ತಕ್ಕೆ ಆಗಲ್ಲ, ಜತ್ತದ ಪುಟ ಗೂಡಲೂರಿಗೆ ಆಗಲ್ಲ. ನಿಮ್ಮ ಡಾಕ್ಟರ್ ಮೇಷ್ಟ್ರ ಹತ್ತಿರ ತಿದ್ದಿಸಿ ಈ ಪೇಜಿಗೆ ಕಳಿಸಿ, ನಾವು ಹಂಚ್ತೀವಿ.

ನಮ್ಮ ಊರುಗಳಲ್ಲಿ ಕನ್ನಡ ಇನ್ನೂ ಉಸಿರಾಡ್ತಿದ್ರೆ ಅದಕ್ಕೆ ಕಾರಣ ಮನೆಯಲ್ಲಿ ಬೇರೆ ಭಾಷೆ ಆಡದೆ ಉಳಿದ ಹಿರಿಯರು. ಅದೇ ಹಿರಿಯರು ಕನ್ನಡ ಬಿಟ್ಟು ಬೇರೇನೂ ಓದಕ್ಕೆ ಬರಲ್ಲ ಅನ್ನುವ ಒಂದೇ ಕಾರಣಕ್ಕೆ ಎರಡನೇ ಸಲ ಐಸಿಯು ಸೇರಬಾರದು. ಈ ಹೋರಾಟ ಯಾರ ಭಾಷೆಗೂ ವಿರುದ್ಧ ಅಲ್ಲ. ಸೊಲ್ಲಾಪುರದಲ್ಲಿ ಕನ್ನಡದವರಿಗೆ ಕೇಳೋದನ್ನೇ ಬೆಳಗಾವಿಯ ಮರಾಠಿ ಅಜ್ಜಿಗೂ, ಬಳ್ಳಾರಿಯ ತೆಲುಗು ತಾತನಿಗೂ ಕರ್ನಾಟಕ ಕೊಡಬೇಕು ಅಂತ ನಾವು ಅಷ್ಟೇ ಗಟ್ಟಿಯಾಗಿ ಕೇಳ್ತೀವಿ.

ಇವತ್ತೇ ಮನೆಗೆ ಫೋನ್ ಮಾಡಿ, ಫೈಲ್ ತೆಗೆಸಿ. ಕೊನೆ ಪುಟ ಯಾವ ಭಾಷೇಲಿದೆ, ಯಾವ ತಾಲೂಕು ಅಂತ ಕೆಳಗೆ ಬರೀರಿ. ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಬೇಡ, ಭಾಷೆ ಮತ್ತೆ ತಾಲೂಕು ಸಾಕು. ಆ ಪಟ್ಟಿಯನ್ನ ಅರ್ಜಿಗೆ ಲಗತ್ತಿಸಿ ಕೊಡ್ತೀವಿ.

#ರೋಗಿಗೆ_ರೋಗಿಯ_ಭಾಷೆ #ಗಡಿನಾಡ_ಕನ್ನಡ